ತೆರೆ

ಬೆಳಗಿನ ಐದೂಕಾಲಿಗೆ ಫೋನು.
ಮೊದಲು ಗಾಳಿ, ಆಮೇಲೆ ಸವಾದನ ಏದುಸಿರು, ಕೊನೆಗೆ ಮಾತು:
‘ದೂಮಣ್ಣ, ಎಂಜಿನ್ ನಿಂತಿತು.
ಮೂಸೋಡಿಯಿಂದ ಪಡುವಣಕ್ಕೆ ಏಳು ಮಾರು ನೀರಲ್ಲಿದ್ದೇನೆ.
ಒಬ್ಬನೇ. ಮಾಮನಿಗೆ ಕಾಲು ಉಳುಕಿದೆ.
ಫೋನಲ್ಲಿ ಚಾರ್ಜು ನಾಲ್ಕೇ ಉಂಟು.’

ನಾನು ಕಡಲಿಗೆ ಹೋಗುವವನಲ್ಲ.
ಹೊಸಂಗಡಿಯ ರೈಲ್ವೇ ಗೇಟಿನ ಬಳಿ, ಹತ್ತಡಿ ಅಂಗಡಿಗೆ
ಕಡಲೇ ಬರುತ್ತದೆ,
ಉಪ್ಪು ಹಿಡಿದ ಬೋಲ್ಟಾಗಿ, ತುಕ್ಕಾಗಿ,
ಕಾರ್ಬುರೇಟರಿನ ತಳದ ಬಟ್ಟಲಲ್ಲಿ ಕೂತ ಒಂದು ಹನಿಯಾಗಿ.
ದೋಣಿ ಹತ್ತಿದರೆ ವಾಂತಿ ಮಾಡುವ ಮೊಗವೀರ ಎಂದು
ಮದುವೆಮನೆಗಳಲ್ಲಿ ಇಂದಿಗೂ ನಗುತ್ತಾರೆ.

ಕಣ್ಣು ಮುಚ್ಚಿಕೊಂಡೆ.
ಫೋನಿನಲ್ಲಿ ಎಂಜಿನ್ ನೋಡುವವನಿಗೆ ಕಣ್ಣು ಅಡ್ಡಿ.
‘ನಿಂತದ್ದು ಹೇಗೆ? ಕತ್ತರಿಸಿದ ಹಾಗೋ, ನಿದ್ದೆ ಬಂದ ಹಾಗೋ?’
‘ನಿದ್ದೆ ಬಂದ ಹಾಗೆ.’
ಹಾಗಾದರೆ ಕರೆಂಟಿನ ದೋಷ ಅಲ್ಲ, ಹಸಿವು.
ಬಡಿಸಿಟ್ಟ ಎಲೆಯ ಮುಂದೆ ಹಸಿವು.

‘ಸೀಮೆಎಣ್ಣೆಗೆ ತಿರುಗಿಸಿದ್ದು ಎಲ್ಲಿ?’
‘ಅಳಿವೆ ದಾಟಿದ ಮೇಲೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿತು.’
‘ಪೆಟ್ರೋಲು ಉಳಿದಿದೆಯಾ?’
‘ಎಳೆದೆಳೆದು ಮುಗಿಯಿತು.’
‘ಎಂಜಿನ್ ಬಿಸಿ ಇದೆಯಾ ಇನ್ನೂ?’
‘ಉಂಟು.’
ಬಿಸಿ ಆರಿದರೆ ಸೀಮೆಎಣ್ಣೆ ಹೊತ್ತಿಕೊಳ್ಳುವುದಿಲ್ಲ.
ಅದನ್ನು ಅವನಿಗೆ ಹೇಳಲಿಲ್ಲ.
‘ಫಿಲ್ಟರಿನ ಅಡಿಯಲ್ಲಿ ನೀರು ಕೂತಿದೆಯಾ, ಗಾಜಿನ ಗುಂಡಿನ ಹಾಗೆ?’
‘ಇಲ್ಲ, ಬರೀ ನೀಲಿ.’
ಪರ್ಮಿಟ್ಟಿನ ನೀಲಿ. ಸದ್ಯ, ಕಲಬೆರಕೆ ಇಲ್ಲ.
‘ಕೊಳವೆ ಮಡಚಿದೆಯಾ? ನಿನ್ನ ಕಾಲಡಿಯೇ ನೋಡು.’
‘ಇಲ್ಲ.’
‘ನಡುವಿನ ರಬ್ಬರ್ ಉಂಡೆ ಒತ್ತು.’
ಅವನು ಒಂದು ಕ್ಷಣ ತಡೆದ.
‘ಒಳಗೆ ಹೋದದ್ದು ವಾಪಸ್ ಬರುವುದಿಲ್ಲ, ದೂಮಣ್ಣ.
ಹಲ್ಲಿಲ್ಲದ ಅಜ್ಜಿಯ ಕೆನ್ನೆ.’

ಆಗ ನೆನಪಾಯಿತು.
ನಿನ್ನೆ ಸಂಜೆ ಆ ಟ್ಯಾಂಕನ್ನು ಆಟೋದಲ್ಲಿ ಕಳಿಸುವಾಗ
ಪಕ್ಕದಲ್ಲಿ ಯಾರೋ ಟೀಚರು ಸೆರಗು ಎತ್ತಿ ಹಿಡಿದು ಕೂತಿದ್ದರು.
ಚೆಲ್ಲದಿರಲಿ ಎಂದು ಮುಚ್ಚಳದ ನೆತ್ತಿಯ ಪುಟ್ಟ ತಿರುಪನ್ನು
ಬಿಗಿಮಾಡಿದೆ.
ಈ ಹೆಬ್ಬೆರಳು, ಈ ತೋರುಬೆರಳು.
ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುವುದಿಲ್ಲ:
ಮೂವತ್ತೊಂದು ವರ್ಷದಿಂದ ಹುಡುಗರಿಗೆ
ನಾನು ಹೇಳಿಕೊಡುವ ಮೊದಲ ಪಾಠ.

‘ಸವಾದ್, ಮುಚ್ಚಳದ ಮೇಲೆ ಒಂದು ತಿರುಪಿದೆ. ಎಡಕ್ಕೆ.’

ಕಾಣದಷ್ಟು ದೂರದ ಟ್ಯಾಂಕೊಂದು
ನನ್ನ ಕಿವಿಯೊಳಗೆ ಉಸಿರೆಳೆದುಕೊಂಡಿತು.
‘ಉಂಡೆ?’
‘ಉಬ್ಬಿತು!’
‘ಕಲ್ಲಿನಷ್ಟು ಗಟ್ಟಿಯಾಗುವ ತನಕ ಒತ್ತು. ಈಗ ಹಗ್ಗ ಎಳೆ.’
ಒಂದು.
ಎರಡಕ್ಕೆ ಕೆಮ್ಮು. ಮೂರಕ್ಕೆ ಏನೂ ಇಲ್ಲ.
ನಾಲ್ಕಕ್ಕೆ, ಅಂಗಡಿಯ ಶಟರಿಗೆ ಒರಗಿ ನಿಂತ ನನ್ನ ಮೂಗಿಗೂ
ಹೊಗೆ ಬಡಿಯಿತು ಎನ್ನಿ.
ಆ ಗದ್ದಲದ ಮೇಲೆ ಅವನು ಕೂಗಿದ:
‘ಇದನ್ನು ಮುಚ್ಚಿದ್ದು ಯಾರು?’
‘ನಾ...’ ಎಂದೆ. ಚಾರ್ಜು ಮುಗಿಯಿತು.

‘ನಾನು’ ಎಂದು ಇನ್ನೊಮ್ಮೆ ಹೇಳಿದೆ,
ಸತ್ತ ಫೋನಿಗೆ. ಹೇಳುವುದು ಸುಲಭವಿತ್ತು.

ಹನ್ನೊಂದಕ್ಕೆ ಬಂದ.
ಒಂದು ಕೈಯಲ್ಲಿ ಟ್ಯಾಂಕು, ಇನ್ನೊಂದರಲ್ಲಿ ಎಂಟು ಬಂಗುಡೆ.
ಏನೂ ಕೇಳಲಿಲ್ಲ.
ನಾನು ಬಿಳಿ ಪೇಂಟಿನ ಡಬ್ಬಿ ತೆಗೆದು, ಬೆಂಕಿಕಡ್ಡಿ ಅದ್ದಿ
ತಿರುಪಿನ ಪಕ್ಕ ಬರೆದೆ: ತೆರೆ.

ಅವನು ಓದಿದ್ದು ಮಲಯಾಳ ಶಾಲೆಯಲ್ಲಿ,
ಕನ್ನಡ ಕಲಿತದ್ದು ಅಂಗಡಿಗಳ ಬೋರ್ಡಿನಲ್ಲಿ.
ಅಕ್ಷರಕ್ಕೆ ಅಕ್ಷರ ಕೂಡಿಸಿ, ನಕ್ಕ:
‘ತೆರೆಯಾ? ಅಲ್ಲಿ ಬಡಿಯುವುದು ಸಾಲದೆಂದು
ಟ್ಯಾಂಕಿನ ಮೇಲೂ ಒಂದಾ?’

ಪೇಂಟು ಇನ್ನೂ ಹಸಿ.
‘ಬಿಗಿಮಾಡಿದ್ದು ನಾನು’ ಎಂದೆ.
ಅವನು ಬೆರಳಿಗಂಟಿದ ಬಿಳಿಯನ್ನು ಲುಂಗಿಗೆ ಒರೆಸಿಕೊಂಡು
‘ಗೊತ್ತುಂಟು’ ಎಂದ.
‘ಮೀನು ಬಿಸಿಲಿಗೆ ಇಡಬೇಡಿ.’